ಹೆಸರೊಂದು, ಆವೃತ್ತಿ ಹಲವು

1957ನೆಯ ಇಸವಿಯ ಏಪ್ರಿಲ್ 1ರಂದು ನಮ್ಮ ದೇಶದ ನಾಣ್ಯಪದ್ಧತಿಯಲ್ಲಿ ಒಂದು ದೊಡ್ಡ ಮಾರ್ಪಾಡು ಜಾರಿಗೆ ಬಂದಿತು. ಅದುವರೆಗೆ ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ನಾಲ್ಕು ಪೈಸೆ. ಅಂದರೆ ರೂಪಾಯಿಗೆ 64 ಪೈಸೆಗಳಿದ್ದವು. ಆ ದಿನದಿಂದ ರೂಪಾಯಿಗೆ 100 ಪೈಸೆ ಎಂದು ಗೊತ್ತಾಯಿತು. ರೂಪಾಯಿ ಮೊದಲಿನದೇ, ಪೈಸೆ ಎಂಬ ಹೆಸರೂ ಮೊದಲಿನದೇ; ಬೆಲೆ ಮಾತ್ರ ಬೇರೆ. ಹೀಗಿರುವಲ್ಲಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ 'ಮೂರು ಪೈಸೆ ಬಾಕಿ' ಎಂದು ಬರೆದಿದ್ದರೆ ಅದು ಯಾವ ಪೈಸೆ? ಹಳೆಯದೆಂದು ಒಬ್ಬನೂ ಹೊಸದೆಂದು ಇನ್ನೊಬ್ಬನೂ ವಾದಿಸಿದರೆ ತೀರ್ಮಾನಿಸುವುದು ಹೇಗೆ?

ಈ ತೊಡಕನ್ನು ಮೊದಲೇ ಊಹಿಸಿದ್ದ ಸರಕಾರ ಒಂದು ಸುಲಭವಾದ ಉಪಾಯ ಮಾಡಿತು. ಹೊಸ ನಾಣ್ಯಕ್ಕೆ ಬರಿಯ 'ಪೈಸೆ' ಎನ್ನದೆ 'ನಯಾ ಪೈಸೆ' ಎಂದು ಹೆಸರಿಟ್ಟಿತು. ಕೆಲವು ಕಾಲ ಹಳೆಯ ನಾಣ್ಯಗಳೂ ಹೊಸ ನಾಣ್ಯಗಳೂ ಜೊತೆಯಾಗಿಯೇ ಚಲಾವಣೆಯಲ್ಲಿದ್ದವು. ಜನರು ಹೊಸದಕ್ಕೆ ಒಗ್ಗಿಕೊಂಡ ಮೇಲೆ, 1964ನೆಯ ಜೂನ್ 1ರಿಂದ, 'ನಯಾ' ಎಂಬ ವಿಶೇಷಣವನ್ನು ಕೈಬಿಡಲಾಯಿತು. ಹಳೆಯದನ್ನು ನಂಬಿ ವ್ಯವಹಾರ ನಡೆಸುತ್ತಿದ್ದವರಿಗೆ ಕೇಡಾಗದಂತೆ ಹೊಸದನ್ನು ತರುವ ಬಗೆ ಇದು.

ಇಂಥದೇ ಸಮಸ್ಯೆಯೊಂದು ಇಂದು ಪ್ರತಿಯೊಂದು ಕಂಪ್ಯೂಟರಿನ ಒಳಗೂ ಅಡಗಿದೆ. ನಿನ್ನೆಯವರೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ತಂತ್ರಾಂಶ ಇಂದು ತೆರೆದುಕೊಳ್ಳುವುದೇ ಇಲ್ಲ. ನಾವು ಅದನ್ನು ಮುಟ್ಟಿಲ್ಲ, ಅಳಿಸಿಲ್ಲ, ತಿದ್ದಿಲ್ಲ. ಬೇರೆ ಯಾವುದನ್ನೋ ಹೊಸದಾಗಿ ಹಾಕಿಕೊಂಡಿದ್ದೇವೆ, ಅಷ್ಟೆ. ಒಂದನ್ನು ತಂದರೆ ಇನ್ನೊಂದು ಕೆಡುವುದೇಕೆ? ಇದನ್ನು ಅರಿಯಬೇಕಾದರೆ ಕಂಪ್ಯೂಟರಿನಲ್ಲಿ 'ಲೈಬ್ರರಿ' ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು.

ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ತಿಳಿಸುವ ಆದೇಶಗಳ ಸಾಲಿಗೆ ಕ್ರಮವಿಧಿ ಎಂದು ಹೆಸರು. ಇದನ್ನೇ ನಾವು ಆಡುಮಾತಿನಲ್ಲಿ ಪ್ರೋಗ್ರಾಂ ಎನ್ನುತ್ತೇವೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ಎಡ್ಸಾಕ್ ಎಂಬ ಕಂಪ್ಯೂಟರ್ 1949ನೆಯ ಮೇ 6ರಂದು ತನ್ನ ಮೊದಲ ಕ್ರಮವಿಧಿಯನ್ನು ನಡೆಸಿತು. ಅದರೊಡನೆ ಕೆಲಸ ಮಾಡುತ್ತಿದ್ದವರಿಗೆ ಬಹುಬೇಗ ಒಂದು ಸಂಗತಿ ಮನದಟ್ಟಾಯಿತು. ವರ್ಗಮೂಲವನ್ನು ಕಂಡುಹಿಡಿಯುವುದು, ಉತ್ತರವನ್ನು ಅಚ್ಚುಕಟ್ಟಾಗಿ ಮುದ್ರಿಸುವುದು ಮುಂತಾದ ಸಣ್ಣ ಕೆಲಸಗಳು ಎಲ್ಲರ ಲೆಕ್ಕಗಳಲ್ಲಿಯೂ ಮತ್ತೆ ಮತ್ತೆ ಬರುತ್ತವೆ. ಇವನ್ನು ಪ್ರತಿಯೊಬ್ಬನೂ ಹೊಸದಾಗಿ ಬರೆಯುವುದೆಂದರೆ ಕಾಲಹರಣ. ಜೊತೆಗೆ ಪ್ರತಿಸಲವೂ ತಪ್ಪು ನುಸುಳುವ ಸಂಭವ. ಆದ್ದರಿಂದ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಇಂಥ ಉಪಕ್ರಮವಿಧಿಗಳನ್ನು ಒಮ್ಮೆ ಎಚ್ಚರದಿಂದ ಬರೆದು, ಪರೀಕ್ಷಿಸಿ, ರಂಧ್ರಗಳುಳ್ಳ ಕಾಗದದ ಪಟ್ಟಿಗಳ ರೂಪದಲ್ಲಿ ಒಂದು ಕಪಾಟಿನಲ್ಲಿ ಜೋಡಿಸಿಟ್ಟರು. ಬೇಕಾದವರು ಪಟ್ಟಿಯನ್ನು ತೆಗೆದುಕೊಂಡು, ಅದರ ರಂಧ್ರಗಳನ್ನು ತಮ್ಮ ಪಟ್ಟಿಗೆ ನಕಲು ಮಾಡಿಕೊಂಡು, ಮೂಲವನ್ನು ಮತ್ತೆ ಸ್ವಸ್ಥಾನದಲ್ಲಿ ಇಡುತ್ತಿದ್ದರು. ಈ ಸಂಗ್ರಹಕ್ಕೆ ಅವರು ಲೈಬ್ರರಿ, ಅಂದರೆ ಪುಸ್ತಕಭಂಡಾರ, ಎಂದೇ ಹೆಸರಿಟ್ಟರು. 1951ರ ಹೊತ್ತಿಗೆ ಅದರಲ್ಲಿ 80ಕ್ಕೂ ಹೆಚ್ಚು ಉಪಕ್ರಮವಿಧಿಗಳಿದ್ದವು. ಅದೇ ವರ್ಷ ಆ ಮೂವರೂ ಸೇರಿ ಈ ವಿಧಾನವನ್ನು ವಿವರಿಸುವ ಗ್ರಂಥವೊಂದನ್ನೂ ಪ್ರಕಟಿಸಿದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಎಡ್ಸಾಕ್‌ನ ಬಳಕೆದಾರನು ಲೈಬ್ರರಿಯ ಭಾಗವನ್ನು ನಕಲು ಮಾಡಿಕೊಳ್ಳುತ್ತಿದ್ದನು. ಒಮ್ಮೆ ನಕಲಾದ ಮೇಲೆ ಅದು ಅವನ ಸ್ವಂತದ್ದು. ಕಪಾಟಿನಲ್ಲಿರುವ ಮೂಲವನ್ನು ನಾಳೆ ಯಾರು ತಿದ್ದಿದರೂ ಅವನ ಕ್ರಮವಿಧಿಗೆ ಬಾಧೆಯಿಲ್ಲ. ಆದರೆ ಕ್ರಮವಿಧಿಗಳ ಸಂಖ್ಯೆ ಬೆಳೆದಂತೆ ಈ ಪದ್ಧತಿಯ ದೋಷಗಳೂ ಕಾಣಿಸಿಕೊಂಡವು. ನೂರು ಕ್ರಮವಿಧಿಗಳಲ್ಲಿ ಒಂದೇ ಭಾಗದ ನೂರು ನಕಲುಗಳು ಕುಳಿತರೆ ಸ್ಥಳ ವ್ಯರ್ಥ. ಆ ಭಾಗದಲ್ಲಿ ತಪ್ಪು ಕಂಡುಬಂದರೆ ನೂರು ಕಡೆಯೂ ತಿದ್ದಬೇಕು. ಇದಕ್ಕೆ ಪರಿಹಾರವಾಗಿ ಹಂಚಿಕೆಯ ಲೈಬ್ರರಿ ಎಂಬ ಕಲ್ಪನೆ ಬೆಳೆಯಿತು. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಲ್ಟಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಕ್ರಮವಿಧಿಯು ನಡೆಯುತ್ತಿರುವಾಗಲೇ ಬೇಕಾದ ಭಾಗವನ್ನು ತಂದು ಜೋಡಿಸುವ ಏರ್ಪಾಡಿತ್ತು. 1985ರಲ್ಲಿ ಹೊರಬಂದ ವಿಂಡೋಸ್, 1988ರಲ್ಲಿ ಹೊರಬಂದ ಸನ್ ಓಎಸ್‌ನ ನಾಲ್ಕನೆಯ ಆವೃತ್ತಿ, ಆಮೇಲೆ ಲಿನಕ್ಸ್, ಎಲ್ಲವೂ ಈ ಮಾರ್ಗವನ್ನೇ ಹಿಡಿದವು.

ಹಂಚಿಕೆಯ ಲೈಬ್ರರಿ ಕೆಲಸ ಮಾಡುವ ರೀತಿ ಹೀಗೆ: ಕ್ರಮವಿಧಿಯ ಕಡತದಲ್ಲಿ ಲೈಬ್ರರಿಯ ನಕಲು ಇರುವುದಿಲ್ಲ, 'ನನಗೆ ಇಂಥ ಹೆಸರಿನ ಲೈಬ್ರರಿ ಬೇಕು' ಎಂಬ ಒಂದು ಚೀಟಿ ಮಾತ್ರ ಇರುತ್ತದೆ. ನಾವು ಆ ಕ್ರಮವಿಧಿಯನ್ನು ತೆರೆದಾಗ, ಲೋಡರ್ ಎಂಬ ಸಹಾಯಕನು ಚೀಟಿಯನ್ನು ಓದಿ, ಗೊತ್ತಾದ ಸ್ಥಳಗಳಲ್ಲಿ ಆ ಹೆಸರನ್ನು ಹುಡುಕಿ, ಸಿಕ್ಕಿದ ಲೈಬ್ರರಿಯನ್ನು ಸ್ಮರಣಕೋಶಕ್ಕೆ ತಂದು ಜೋಡಿಸುತ್ತಾನೆ. ಹತ್ತು ಕ್ರಮವಿಧಿಗಳು ಅದೇ ಲೈಬ್ರರಿಯನ್ನು ಬೇಡಿದರೂ ಅದರ ಆದೇಶಗಳ ಒಂದೇ ಪ್ರತಿ ಎಲ್ಲಕ್ಕೂ ಸಾಕು. ಕನ್ನಡಿಗರಾದ ನಮಗೆ ಇದಕ್ಕೊಂದು ಹತ್ತಿರದ ನಿದರ್ಶನವುಂಟು. 'ಶಾಸ್ತ್ರ' ಎಂಬ ಪದವನ್ನು ತೆರೆಯ ಮೇಲೆ ಮೂಡಿಸುವಾಗ 'ಸ'ಕಾರದ ಕೆಳಗೆ 'ತ'ಕಾರದ ಒತ್ತು, ಅದರೊಡನೆ 'ರ'ಕಾರದ ಒತ್ತು, ಇವನ್ನು ತಕ್ಕ ಸ್ಥಾನದಲ್ಲಿ ಕೂರಿಸಬೇಕು. ಈ ಕೆಲಸವನ್ನು ಮಾಡುವ ಹಾರ್ಫ್‌ಬಜ್ ಎಂಬ ಲೈಬ್ರರಿಯನ್ನು ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಮೊದಲಾದವು ಬಳಸಿಕೊಳ್ಳುತ್ತವೆ. ಪ್ರತಿಯೊಂದು ತಂತ್ರಾಂಶವನ್ನು ರಚಿಸುವವರೂ ಕನ್ನಡದ ಒತ್ತಕ್ಷರಗಳ ನಿಯಮವನ್ನು ಕಲಿಯಬೇಕಾಗಿದ್ದರೆ, ನಮ್ಮ ಲಿಪಿ ಎಷ್ಟು ಕಡೆ ಸರಿಯಾಗಿ ಕಾಣುತ್ತಿತ್ತೋ ಹೇಳುವಂತಿಲ್ಲ.

ಹಂಚಿಕೆಯ ಬಹುದೊಡ್ಡ ಲಾಭ 2014ನೆಯ ಇಸವಿಯಲ್ಲಿ ಎಲ್ಲರ ಅನುಭವಕ್ಕೂ ಬಂದಿತು. ಅಂತರಜಾಲದಲ್ಲಿ ಸಾಗುವ ಗುಪ್ತಪದ ಮುಂತಾದವನ್ನು ಗೂಢಲಿಪಿಯಾಗಿ ಮಾರ್ಪಡಿಸುವ ಓಪನ್ ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ಗಂಡಾಂತರಕಾರಿಯಾದ ದೋಷವಿರುವುದು ಆ ವರ್ಷದ ಏಪ್ರಿಲ್ 7ರಂದು ಬಹಿರಂಗವಾಯಿತು. ಇದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಾಯಿತು. ದೂರದಲ್ಲಿ ಕುಳಿತವನು ಕಂಪ್ಯೂಟರಿನ ಸ್ಮರಣಕೋಶದಲ್ಲಿರುವ ರಹಸ್ಯಗಳನ್ನು ಕದ್ದು ಓದುವುದು ಇದರಿಂದ ಸಾಧ್ಯವಿತ್ತು. ಅದೇ ದಿನ ತಿದ್ದಿದ ಆವೃತ್ತಿ ಹೊರಬಂದಿತು. ಲೈಬ್ರರಿಯನ್ನು ಹಂಚಿಕೊಂಡಿದ್ದ ಯಂತ್ರಗಳಲ್ಲಿ ಅದೊಂದನ್ನು ಬದಲಿಸಿ, ನಡೆಯುತ್ತಿದ್ದ ಕ್ರಮವಿಧಿಗಳನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ, ಅದನ್ನು ನಂಬಿದ್ದ ಎಲ್ಲ ಕ್ರಮವಿಧಿಗಳಲ್ಲಿಯೂ ಆ ರಂಧ್ರ ಮುಚ್ಚಿಹೋಗುತ್ತಿತ್ತು. ಲೈಬ್ರರಿಯ ನಕಲನ್ನು ತಮ್ಮೊಳಗೇ ಇಟ್ಟುಕೊಂಡಿದ್ದ ಕ್ರಮವಿಧಿಗಳನ್ನಾದರೋ ಒಂದೊಂದಾಗಿ ಹುಡುಕಿ ತಿದ್ದಬೇಕಾಗಿತ್ತು.

ಆದರೆ ಎಲ್ಲರೂ ಒಂದೇ ಕಂಬಕ್ಕೆ ಒರಗಿದ್ದರೆ, ಆ ಕಂಬ ಅಲುಗಿದಾಗ ಎಲ್ಲರೂ ಅಲುಗಬೇಕಾಗುತ್ತದೆ. ಲೈಬ್ರರಿಗಳೇನೂ ಕಲ್ಲಿನ ಕಂಬಗಳಲ್ಲ. ಅವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತವೆ, ಬದಲಾಗುತ್ತವೆ. ಹೊಸ ಹೊಸ ಆವೃತ್ತಿಗಳಾಗಿ ಹೊರಬರುತ್ತವೆ. ಕ್ರಮವಿಧಿಯು ನಿರೀಕ್ಷಿಸುವ ಆವೃತ್ತಿ ಒಂದು, ಯಂತ್ರದಲ್ಲಿ ದೊರೆಯುವ ಆವೃತ್ತಿ ಇನ್ನೊಂದು ಆದಾಗ ಉಂಟಾಗುವ ತೊಡಕೇ ಆವೃತ್ತಿ ಘರ್ಷಣೆ.

ಈ ಘರ್ಷಣೆ ಹಲವು ರೂಪಗಳಲ್ಲಿ ತಲೆದೋರುತ್ತದೆ. ಮೊದಲನೆಯದು, ಬೇಕಾದ ಆವೃತ್ತಿ ಇಲ್ಲದಿರುವುದು. ಓಪನ್ ಎಸ್‌ಎಸ್‌ಎಲ್‌ನ ಮೂರನೆಯ ಪ್ರಮುಖ ಆವೃತ್ತಿ 2021ರಲ್ಲಿ ಹೊರಬಂದಿತು. 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು ಅದನ್ನು ಸ್ವೀಕರಿಸಿ, ಹಿಂದಿನ 1.1 ಆವೃತ್ತಿಯನ್ನು ಕೈಬಿಟ್ಟಿತು. ಆಗ 1.1ನ್ನು ಬೇಡುತ್ತಿದ್ದ ಕ್ರಮವಿಧಿಗಳು 'ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಎಂಬ ಕಡತವನ್ನು ತೆರೆಯಲಾಗುತ್ತಿಲ್ಲ' ಎಂಬ ಅರ್ಥದ ಸಂದೇಶವನ್ನು ತೋರಿಸಿ ನಿಂತುಬಿಟ್ಟವು. ಎರಡನೆಯದು, ಒಂದು ತಂತ್ರಾಂಶ ತಂದದ್ದು ಇನ್ನೊಂದರದನ್ನು ಅಳಿಸಿಹಾಕುವುದು. 1990ರ ದಶಕದ ವಿಂಡೋಸ್ ಯಂತ್ರಗಳಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸುವಾಗ ಅದು ತನ್ನ ಜೊತೆಯಲ್ಲಿ ತಂದ ಲೈಬ್ರರಿಯನ್ನು ಎಲ್ಲರಿಗೂ ಸಾಮಾನ್ಯವಾದ ಸ್ಥಳದಲ್ಲಿ ಇಡುತ್ತಿತ್ತು. ಅಲ್ಲಿ ಅದೇ ಹೆಸರಿನ ಹೊಸ ಆವೃತ್ತಿ ಇದ್ದರೂ ಎಷ್ಟೋ ವೇಳೆ ಹಳೆಯದು ಅದರ ಮೇಲೆಯೇ ಕುಳಿತುಬಿಡುತ್ತಿತ್ತು. ಹೊಸದನ್ನು ನಂಬಿದ್ದ ಇತರ ತಂತ್ರಾಂಶಗಳು ಆ ಕ್ಷಣದಿಂದ ಕೆಡುತ್ತಿದ್ದವು. ವಿಂಡೋಸಿನಲ್ಲಿ ಈ ಲೈಬ್ರರಿಗಳಿಗೆ ಡಿಎಲ್‌ಎಲ್ ಎಂದು ಹೆಸರು. ಆ ಕಾಲದ ತಂತ್ರಜ್ಞರು ಬೇಸತ್ತು ಈ ಪರಿಸ್ಥಿತಿಯನ್ನು 'ಡಿಎಲ್‌ಎಲ್ ನರಕ' ಎಂದೇ ಕರೆದರು. ಮೂರನೆಯದು, ಒಂದೇ ಕ್ರಮವಿಧಿಯೊಳಗೆ ಹುಟ್ಟುವ ಕಲಹ. ಒಂದು ಕ್ರಮವಿಧಿಗೆ ಎರಡು ಲೈಬ್ರರಿಗಳು ಬೇಕು. ಆ ಎರಡಕ್ಕೂ ಮೂರನೆಯದೊಂದು ಬೇಕು. ಆದರೆ ಒಂದು ಅದರ ಹಳೆಯ ಆವೃತ್ತಿಯನ್ನೂ ಮತ್ತೊಂದು ಹೊಸದನ್ನೂ ಕೇಳುತ್ತದೆ. ಆಗ ಯಾರ ಮಾತನ್ನು ನಡೆಸುವುದು?

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ಹೆಸರು ಬದಲಾಗದೆ ನಡತೆ ಮಾತ್ರ ಬದಲಾಗುವುದು. ಲೈಬ್ರರಿಗೂ ಕ್ರಮವಿಧಿಗೂ ನಡುವೆ ಒಂದು ಕರಾರು ಇರುತ್ತದೆ. 'ನೀನು ಇದನ್ನು ಈ ಕ್ರಮದಲ್ಲಿ ಕೊಟ್ಟರೆ ನಾನು ಅದನ್ನು ಆ ಕ್ರಮದಲ್ಲಿ ಹಿಂದಿರುಗಿಸುತ್ತೇನೆ' ಎಂಬುದು ಅದರ ತಾತ್ಪರ್ಯ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಲೈಬ್ರರಿಯೊಂದು ವಿದ್ಯಾರ್ಥಿಯ ಹೆಸರಿಗೆ ಮೊದಲ 20 ಮನೆಗಳನ್ನು ಮೀಸಲಿಟ್ಟು, 21ನೆಯ ಮನೆಯಲ್ಲಿ ಅವನ ವಯಸ್ಸನ್ನು ಬರೆಯುತ್ತದೆ ಎನ್ನೋಣ. ಇದನ್ನು ನಂಬಿದ ಕ್ರಮವಿಧಿಯು ವಯಸ್ಸು ಬೇಕಾದಾಗಲೆಲ್ಲ 21ನೆಯ ಮನೆಯನ್ನು ನೋಡುತ್ತದೆ. ಮುಂದೆ ಉದ್ದವಾದ ಹೆಸರುಗಳಿಗೂ ಎಡೆಯಿರಲೆಂದು ಲೈಬ್ರರಿಯವರು 30 ಮನೆಗಳನ್ನು ಮೀಸಲಿಟ್ಟರು. ವಯಸ್ಸು 31ನೆಯ ಮನೆಗೆ ಸರಿಯಿತು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ಕ್ರಮವಿಧಿಯು ಈಗಲೂ 21ನೆಯ ಮನೆಯನ್ನೇ ತೆರೆದು, ಹೆಸರಿನ ಅಕ್ಷರವೊಂದನ್ನು ವಯಸ್ಸೆಂದು ಭ್ರಮಿಸುತ್ತದೆ. ಇಲ್ಲಿ ದೋಷಸೂಚನೆಯ ಸಂದೇಶವೂ ಬರಲಾರದು. ತೆರೆಯದೆ ನಿಂತ ಕ್ರಮವಿಧಿಗಿಂತ ತಪ್ಪು ಉತ್ತರವನ್ನು ಸರಿಯೆಂದು ಕೊಡುವ ಕ್ರಮವಿಧಿ ಹೆಚ್ಚು ಅಪಾಯಕಾರಿ.

ಇಂಥದೊಂದು ಪ್ರಸಂಗ 2010ನೆಯ ಇಸವಿಯಲ್ಲಿ ನಿಜವಾಗಿಯೇ ನಡೆಯಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಬಹುತೇಕ ಕ್ರಮವಿಧಿಗಳಿಗೆ ಆಧಾರವಾಗಿರುವ ಲೈಬ್ರರಿಯೊಂದುಂಟು; ಅದರ ಹೆಸರು ಜಿಲಿಬ್‌ಸಿ. ಸ್ಮರಣಕೋಶದ ಒಂದೆಡೆಯಿಂದ ಇನ್ನೊಂದೆಡೆಗೆ ಮಾಹಿತಿಯನ್ನು ನಕಲು ಮಾಡುವ 'ಮೆಮ್‌ಕಾಪಿ' ಎಂಬ ಉಪಕ್ರಮವಿಧಿ ಅದರಲ್ಲಿದೆ. ನಕಲು ಮಾಡಬೇಕಾದ ಸ್ಥಳವೂ ನಕಲು ಸೇರಬೇಕಾದ ಸ್ಥಳವೂ ಒಂದರ ಮೇಲೊಂದು ಬರಕೂಡದು, ಬರುವುದಾದರೆ 'ಮೆಮ್‌ಮೂವ್' ಎಂಬ ಬೇರೊಂದನ್ನು ಬಳಸಬೇಕು ಎಂಬುದು ಇದರ ಕರಾರು. ಆದರೆ ಮೆಮ್‌ಕಾಪಿಯು ಮೊದಲಿನಿಂದ ಕೊನೆಯ ಕಡೆಗೆ ನಕಲು ಮಾಡುತ್ತಿದ್ದುದರಿಂದ, ಈ ಕರಾರನ್ನು ಮೀರಿದ ಕೆಲವರಿಗೂ ಅದೃಷ್ಟವಶಾತ್ ಸರಿಯಾದ ಫಲವೇ ದೊರೆಯುತ್ತಿತ್ತು. ಹೊಸ ಪ್ರೊಸೆಸರುಗಳಲ್ಲಿ ಕೆಲಸ ಬೇಗ ಆಗಲೆಂದು ಅದನ್ನು ಪುನಃ ಬರೆದಾಗ, ಕೆಲವು ಸಂದರ್ಭಗಳಲ್ಲಿ ಅದು ಕೊನೆಯಿಂದ ಮೊದಲಿಗೆ ನಕಲು ಮಾಡತೊಡಗಿತು.

ಇದರಿಂದ ಏನಾಗುತ್ತದೆಂಬುದನ್ನು ನೀವೇ ಕಾಗದದ ಮೇಲೆ ಪರೀಕ್ಷಿಸಬಹುದು. ಐದು ಮನೆಗಳನ್ನು ಬರೆದು ಅವುಗಳಲ್ಲಿ ಕ್ರಮವಾಗಿ ಅ, ಆ, ಇ, ಈ, ಉ ಎಂಬ ಅಕ್ಷರಗಳನ್ನು ತುಂಬಿರಿ. ಎರಡರಿಂದ ಐದರವರೆಗಿನ ಅಕ್ಷರಗಳನ್ನು ಒಂದೊಂದು ಮನೆ ಹಿಂದಕ್ಕೆ, ಅಂದರೆ ಒಂದರಿಂದ ನಾಲ್ಕರವರೆಗಿನ ಮನೆಗಳಿಗೆ, ನಕಲು ಮಾಡಬೇಕು. ಮೊದಲಿನಿಂದ ಹೊರಟರೆ ಎರಡನೆಯದು ಒಂದಕ್ಕೆ, ಮೂರನೆಯದು ಎರಡಕ್ಕೆ, ಹೀಗೆ ಸಾಗಿ ಮೊದಲ ನಾಲ್ಕು ಮನೆಗಳಲ್ಲಿ ಆ, ಇ, ಈ, ಉ ಸರಿಯಾಗಿ ಬರುತ್ತವೆ. ಕೊನೆಯಿಂದ ಹೊರಟರೆ ಐದನೆಯ ಮನೆಯ 'ಉ' ನಾಲ್ಕಕ್ಕೆ ಬಂದು 'ಈ'ಯನ್ನು ಅಳಿಸುತ್ತದೆ. ಆಮೇಲೆ ನಾಲ್ಕರ 'ಉ' ಮೂರಕ್ಕೆ ಬರುತ್ತದೆ. ಕಡೆಗೆ ಎಲ್ಲ ಮನೆಗಳಲ್ಲಿಯೂ 'ಉ'ಕಾರವೇ ಉಳಿಯುತ್ತದೆ.

ಅಂತರಜಾಲದ ಹಾಡುಗಳನ್ನೂ ಚಲನಚಿತ್ರಗಳನ್ನೂ ನುಡಿಸಲು ಆಗ ಬಳಕೆಯಲ್ಲಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ ಈ ಕರಾರನ್ನು ಮೀರಿತ್ತು. ಫೆಡೋರಾ ಎಂಬ ಲಿನಕ್ಸಿನ ಹದಿನಾಲ್ಕನೆಯ ಆವೃತ್ತಿಗೆ ಬದಲಾದ ಜನರಿಗೆ ಹಾಡುಗಳು ವಿಕಾರವಾಗಿ ಕೇಳಿಸತೊಡಗಿದವು. ತಪ್ಪು ಯಾರದು? ಕರಾರನ್ನು ಮುರಿದವರು ಫ್ಲ್ಯಾಶನ್ನು ರಚಿಸಿದವರು, ಅವರೇ ತಿದ್ದಿಕೊಳ್ಳಲಿ ಎಂದು ಕೆಲವರು ವಾದಿಸಿದರು. ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಅವರು ಈ ಚರ್ಚೆಯಲ್ಲಿ ಬಳಕೆದಾರರ ಪರವಾಗಿ ನಿಂತರು. ನಿನ್ನೆ ನಡೆಯುತ್ತಿದ್ದುದು ಇಂದು ನಿಂತರೆ, ನಿಯಮದ ಪುಸ್ತಕವನ್ನು ತೋರಿಸಿ ಬಳಕೆದಾರನನ್ನು ಸಮಾಧಾನಪಡಿಸಲಾಗದು ಎಂಬುದು ಅವರ ನಿಲುವಾಗಿತ್ತು. ಎರಡು ವಾದಗಳಲ್ಲಿಯೂ ಸತ್ಯವಿದೆ. ಕರಾರನ್ನು ಓದದೆ ಸಹಿ ಹಾಕಿದವನು ತಪ್ಪಿತಸ್ಥನೇ. ಆದರೆ ಆ ತಪ್ಪಿನ ಫಲವನ್ನು ಉಂಡವನು ಏನೂ ಅರಿಯದ ಮೂರನೆಯವನು.

2011ರಲ್ಲಿ ಹೊರಬಂದ ಜಿಲಿಬ್‌ಸಿಯ 2.14ನೆಯ ಆವೃತ್ತಿ ಇದಕ್ಕೆ ಜಾಣತನದ ಪರಿಹಾರವನ್ನು ಕಂಡುಕೊಂಡಿತು. 64 ಬಿಟ್‌ನ ಯಂತ್ರಗಳಿಗಾಗಿ ಅದು ಮೆಮ್‌ಕಾಪಿ ಎಂಬ ಒಂದೇ ಹೆಸರಿನಲ್ಲಿ ಎರಡು ಉಪಕ್ರಮವಿಧಿಗಳನ್ನು ಇಟ್ಟುಕೊಂಡಿತು. ಹಳೆಯದಕ್ಕೆ 2.2.5 ಎಂಬ ಗುರುತು, ಹೊಸದಕ್ಕೆ 2.14 ಎಂಬ ಗುರುತು. ಹಿಂದೆ ಸಿದ್ಧವಾಗಿದ್ದ ಕ್ರಮವಿಧಿಗಳು ಬಂದು ಕೇಳಿದರೆ, ಸ್ಥಳಗಳು ಒಂದರ ಮೇಲೊಂದು ಬಂದರೂ ಕೆಡದ ಹಳೆಯದನ್ನು ಕೊಡುವುದು; ಹೊಸದಾಗಿ ಸಿದ್ಧವಾದವುಗಳಿಗೆ ವೇಗದ ಹೊಸದನ್ನು ಕೊಡುವುದು. ಪೈಸೆಗೂ ನಯಾ ಪೈಸೆಗೂ ಇದ್ದ ವಿವೇಕವೇ ಇಲ್ಲಿಯೂ ಇದೆಯಲ್ಲವೆ? ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹೊಸ ವ್ಯವಸ್ಥೆಯಲ್ಲಿ ಸಿದ್ಧಪಡಿಸಿದ ಕ್ರಮವಿಧಿಯನ್ನು ಹಳೆಯ ವ್ಯವಸ್ಥೆಗೆ ಕೊಂಡೊಯ್ದರೆ 'ಜಿಲಿಬ್‌ಸಿ 2.14 ಸಿಗಲಿಲ್ಲ' ಎಂಬಂಥ ದೂರು ಬರುತ್ತದೆ. ಆದುದರಿಂದ ಅನೇಕ ಯಂತ್ರಗಳಲ್ಲಿ ನಡೆಯಬೇಕಾದ ಕ್ರಮವಿಧಿಯನ್ನು ಅವುಗಳಲ್ಲಿ ಅತ್ಯಂತ ಹಳೆಯ ವ್ಯವಸ್ಥೆಗೆ ಹೊಂದುವಂತೆ ಸಿದ್ಧಪಡಿಸುವುದು ವಾಡಿಕೆ.

ಘರ್ಷಣೆಯನ್ನು ತಡೆಯಲು ರೂಢಿಯಲ್ಲಿರುವ ಇತರ ಕ್ರಮಗಳನ್ನೂ ಸಂಗ್ರಹವಾಗಿ ನೋಡೋಣ. ಮೊದಲನೆಯದಾಗಿ, ಕರಾರು ಮುರಿಯುವಷ್ಟು ದೊಡ್ಡ ಬದಲಾವಣೆ ಮಾಡಿದಾಗ ಲೈಬ್ರರಿಯ ಹೆಸರಿನ ಕೊನೆಯ ಸಂಖ್ಯೆಯನ್ನು ಬದಲಿಸಬೇಕು. ಆಗ ಎರಡು ಬೇರೆ ಬೇರೆ ಕಡತಗಳಾಗಿ ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿ ಇರಬಲ್ಲವು. ಎರಡನೆಯದಾಗಿ, ಯಾವ ತಂತ್ರಾಂಶಕ್ಕೆ ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಎಂಬ ಲೆಕ್ಕವನ್ನು ಒಬ್ಬರು ಇಡಬೇಕು. 1993ರಲ್ಲಿ ಆರಂಭವಾದ ಡೆಬಿಯನ್ ಮುಂತಾದ ಲಿನಕ್ಸ್ ಬಳಗಗಳಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬ ಕ್ರಮವಿಧಿ ಈ ಶಾನುಭೋಗಿಕೆಯನ್ನು ನಿರ್ವಹಿಸುತ್ತದೆ. ಒಂದನ್ನು ತೆಗೆದರೆ ಇನ್ನಾವುದು ಕೆಡುತ್ತದೆ ಎಂಬುದನ್ನು ಅದು ಮೊದಲೇ ತಿಳಿಸುತ್ತದೆ. ಮೂರನೆಯದಾಗಿ, ಮುಖ್ಯವಾದ ಲೈಬ್ರರಿಗಳನ್ನು ಬೇರೆಯವರು ಅಳಿಸದಂತೆ ಕಾಯಬೇಕು. ವಿಂಡೋಸ್ 2000ದಲ್ಲಿ ಇಂಥ ಕಾವಲು ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿ ಇಡುವ ಏರ್ಪಾಡೂ ಬಂದಿತು. ನಾಲ್ಕನೆಯದಾಗಿ, 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಈಲ್ಕೊ ಡೋಲ್‌ಸ್ಟ್ರಾ ಎಂಬ ವಿದ್ವಾಂಸರು ಆರಂಭಿಸಿದ ನಿಕ್ಸ್ ಪದ್ಧತಿಯಂತೆ, ಪ್ರತಿಯೊಂದು ಆವೃತ್ತಿಗೂ ಬೇರೆಲ್ಲಿಯೂ ಪುನರಾವರ್ತನೆಯಾಗದ ಗುರುತನ್ನು ಕೊಟ್ಟು ಬೇರೆ ಬೇರೆ ಸ್ಥಳದಲ್ಲಿ ಇಡಬಹುದು. ಐದನೆಯದಾಗಿ, ತಂತ್ರಾಂಶವನ್ನೂ ಅದಕ್ಕೆ ಬೇಕಾದ ಎಲ್ಲ ಲೈಬ್ರರಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸಬಹುದು. 2013ರಲ್ಲಿ ಬಂದ ಡಾಕರ್ ಈ ಮಾರ್ಗವನ್ನು ಜನಪ್ರಿಯಗೊಳಿಸಿತು. ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನಂತೆ ಆ ತಂತ್ರಾಂಶಕ್ಕೆ ಪರಸ್ಥಳದ ಹಂಗಿಲ್ಲ. ಆದರೆ ಪೆಟ್ಟಿಗೆಯೊಳಗಿನ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್‌ನಂಥ ದೋಷ ಕಂಡುಬಂದರೆ, ಪ್ರತಿಯೊಂದು ಪೆಟ್ಟಿಗೆಯನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಎಡ್ಸಾಕ್‌ನ ನಕಲು ಪಟ್ಟಿಗಳ ಗುಣವೂ ದೋಷವೂ ಹೀಗೆ ಮತ್ತೆ ನಮ್ಮೆದುರಿಗೆ ಬಂದು ನಿಲ್ಲುತ್ತವೆ.

ಘರ್ಷಣೆ ನಮ್ಮ ಎದುರಿಗೇ ಸಂಭವಿಸಿದರೆ ಏನು ಮಾಡಬೇಕು? ಗಾಬರಿಪಡದೆ ಮೊದಲು ಸಂದೇಶವನ್ನು ಪೂರ್ತಿಯಾಗಿ ಓದಬೇಕು. ಯಾವ ಲೈಬ್ರರಿ, ಯಾವ ಸಂಖ್ಯೆ ಎಂಬುದು ಅದರಲ್ಲಿಯೇ ಇರುತ್ತದೆ. ಲಿನಕ್ಸಿನಲ್ಲಿ 'ಎಲ್‌ಡಿಡಿ' ಎಂಬ ಆದೇಶವನ್ನು ಕೊಟ್ಟರೆ, ಒಂದು ಕ್ರಮವಿಧಿ ಬೇಡುವ ಲೈಬ್ರರಿಗಳು ಯಾವುವು, ಅವು ಎಲ್ಲಿ ಸಿಕ್ಕಿದವು, ಯಾವುದು ಸಿಗಲಿಲ್ಲ ಎಂಬ ಪಟ್ಟಿ ಬರುತ್ತದೆ. ಆದರೆ ನಂಬಿಕೆಗೆ ಅರ್ಹವಲ್ಲದ ಕಡತದ ಮೇಲೆ ಇದನ್ನು ಪ್ರಯೋಗಿಸಬಾರದು. ಏಕೆಂದರೆ ಪರೀಕ್ಷಿಸಹೋದ ಕ್ರಮವಿಧಿಯೇ ನಡೆದುಬಿಡುವ ಸಂಭವವುಂಟು. ಅನಂತರ ಆ ತಂತ್ರಾಂಶದ ಹೊಸ ಆವೃತ್ತಿ, ನಮ್ಮ ವ್ಯವಸ್ಥೆಗೆ ಒಪ್ಪುವಂಥದು, ದೊರೆಯುತ್ತದೆಯೇ ಎಂದು ನೋಡಬೇಕು. ಇದೇ ಉತ್ತಮವಾದ ದಾರಿ. ಅದು ಸಿಗದಿದ್ದರೆ ಹಳೆಯ ಲೈಬ್ರರಿಯನ್ನು ಪ್ರತ್ಯೇಕವಾದ ಸ್ಥಳದಲ್ಲಿ ಇಟ್ಟು, ಆ ಒಂದು ಕ್ರಮವಿಧಿಗೆ ಮಾತ್ರ ಅಲ್ಲಿ ಹುಡುಕುವಂತೆ ತಿಳಿಸಬೇಕು. ಎಲ್ಲರಿಗೂ ಸೇರಿದ ಸ್ಥಳದಲ್ಲಿ ಅದನ್ನು ಹೊಸದರ ಮೇಲೆ ಹೇರಬಾರದು.

ಅವಸರದವರು ಇನ್ನೊಂದು ಅಡ್ಡದಾರಿ ಹಿಡಿಯುವುದುಂಟು. ಮೂರನೆಯ ಆವೃತ್ತಿಯ ಕಡತಕ್ಕೆ 1.1 ಎಂಬ ಹೆಸರನ್ನು ಅಂಟಿಸಿ ಲೋಡರನ್ನು ವಂಚಿಸಲು ನೋಡುತ್ತಾರೆ. ಹೆಸರು ಬದಲಾದರೆ ಗುಣ ಬದಲಾಗದು. ಲೈಬ್ರರಿಯೊಳಗೆ ಆವೃತ್ತಿಯ ಗುರುತುಗಳಿದ್ದರೆ ಈ ವಂಚನೆ ಕೂಡಲೇ ಬಯಲಾಗುತ್ತದೆ. ಇಲ್ಲದಿದ್ದರೆ 21ನೆಯ ಮನೆಯ ಕತೆ ಮರುಕಳಿಸುತ್ತದೆ. ಹಾಗೆಯೇ ಬೆಂಬಲ ನಿಂತುಹೋದ ಆವೃತ್ತಿಯನ್ನು ಬಹುಕಾಲ ಉಳಿಸಿಕೊಳ್ಳುವುದೂ ಕ್ಷೇಮವಲ್ಲ. ಓಪನ್ ಎಸ್‌ಎಸ್‌ಎಲ್‌ನ 1.1.1 ಆವೃತ್ತಿಗೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಂಥದನ್ನು ತಾತ್ಕಾಲಿಕವಾದ ಸೇತುವೆಯೆಂದು ತಿಳಿಯಬೇಕೇ ಹೊರತು, ಅದರ ಮೇಲೆಯೇ ಮನೆ ಕಟ್ಟಬಾರದು.

ಇಡೀ ವಿಚಾರವನ್ನು ಪರ್ಯಾಲೋಚಿಸಿದರೆ, ಇದು ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಸಮಸ್ಯೆಯಲ್ಲವೆಂಬುದು ವಿಶದವಾಗುತ್ತದೆ. ಎಂದೂ ಮುಖ ಕಾಣದ ಯಾರೋ ಬರೆದ ಲೈಬ್ರರಿಯನ್ನು ನಂಬಿ, ಎಂದೂ ಮುಖ ಕಾಣದ ಮತ್ತಾರೋ ಕ್ರಮವಿಧಿಯನ್ನು ರಚಿಸುತ್ತಾರೆ. ಆ ಇಬ್ಬರನ್ನೂ ನಂಬಿ ನಾವು ನಮ್ಮ ಕಾಗದಪತ್ರಗಳನ್ನೂ ಹಣವನ್ನೂ ರಹಸ್ಯಗಳನ್ನೂ ಅವರ ವಶಕ್ಕೆ ಒಪ್ಪಿಸುತ್ತೇವೆ. ಈ ಸರಪಣಿಯ ಕೊಂಡಿಗಳೆಲ್ಲ ಕೊಟ್ಟ ಮಾತಿನಿಂದ ಆದವು. ಬದಲಾವಣೆ ಬೇಡವೆನ್ನುವಂತಿಲ್ಲ; ಬದಲಾಗದ ಲೈಬ್ರರಿಯಲ್ಲಿ ತಪ್ಪುಗಳೂ ತಿದ್ದುಪಡಿಯಿಲ್ಲದೆ ಉಳಿಯುತ್ತವೆ. ಆದರೆ ಬದಲಾಯಿಸುವವನು ಬದಲಾದುದನ್ನು ಮರೆಮಾಚದೆ ಹೊಸ ಗುರುತನ್ನು ಕೊಡಬೇಕು. ಹಳೆಯದನ್ನು ನಂಬಿದವರಿಗೆ ದಾಟಿಬರಲು ಕಾಲಾವಕಾಶ ಕೊಡಬೇಕು. ಬಳಸುವವನು ಕರಾರಿನಲ್ಲಿ ಇಲ್ಲದುದನ್ನು ಅದೃಷ್ಟವಶಾತ್ ದೊರೆಯಿತೆಂದು ನೆಚ್ಚಿ ಕೂರಬಾರದು. ಈ ಎರಡು ಬಗೆಯ ಎಚ್ಚರವೂ ಇದ್ದಲ್ಲಿ ಹಳೆಯದೂ ಹೊಸದೂ ಒಂದೇ ಸೂರಿನಡಿಯಲ್ಲಿ ಬಾಳಬಲ್ಲವು.

ಅಭ್ಯಾಸ

ಅ) ಪದಗಳ ಅರ್ಥ

ಆವೃತ್ತಿ – ಒಂದೇ ಕೃತಿ ಅಥವಾ ತಂತ್ರಾಂಶದ ತಿದ್ದಿ ಹೊರತಂದ ರೂಪ
ಕರಾರು – ಒಪ್ಪಂದ
ಕ್ರಮವಿಧಿ – ಕಂಪ್ಯೂಟರಿಗೆ ಕೊಡುವ ಆದೇಶಗಳ ಸಾಲು
ಗಂಡಾಂತರ – ದೊಡ್ಡ ಅಪಾಯ
ಪರ್ಯಾಲೋಚಿಸು – ಎಲ್ಲ ಕಡೆಯಿಂದಲೂ ಯೋಚಿಸು
ವಿಶದ – ಸ್ಪಷ್ಟ
ಹಂಗು – ಉಪಕಾರದ ಋಣ, ಅಧೀನತೆ

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ

1. ಹೊಸ ನಾಣ್ಯಕ್ಕೆ 'ನಯಾ ಪೈಸೆ' ಎಂದು ಹೆಸರಿಟ್ಟುದೇಕೆ?
2. ಎಡ್ಸಾಕ್‌ನ ಲೈಬ್ರರಿ ಯಾವ ರೂಪದಲ್ಲಿತ್ತು?
3. ಲೋಡರಿನ ಕೆಲಸವೇನು?
4. ಹಾರ್ಟ್‌ಬ್ಲೀಡ್ ದೋಷ ಯಾವ ಲೈಬ್ರರಿಯಲ್ಲಿ ಕಂಡುಬಂದಿತು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. ಲೈಬ್ರರಿಯನ್ನು ನಕಲು ಮಾಡಿಕೊಳ್ಳುವುದಕ್ಕೂ ಹಂಚಿಕೊಳ್ಳುವುದಕ್ಕೂ ಇರುವ ಗುಣದೋಷಗಳನ್ನು ಹೋಲಿಸಿರಿ.
2. ಆವೃತ್ತಿ ಘರ್ಷಣೆಯ ನಾಲ್ಕು ರೂಪಗಳಾವುವು?
3. ಮೆಮ್‌ಕಾಪಿಯ ಪ್ರಸಂಗದಲ್ಲಿ ತಪ್ಪು ಯಾರದೆಂದು ನೀವು ಭಾವಿಸುವಿರಿ? ಕಾರಣ ಕೊಡಿರಿ.

ಈ) ಸಂದರ್ಭದೊಡನೆ ವಿವರಿಸಿರಿ

1. "ಹೆಸರು ಬದಲಾದರೆ ಗುಣ ಬದಲಾಗದು."
2. "ಈ ಸರಪಣಿಯ ಕೊಂಡಿಗಳೆಲ್ಲ ಕೊಟ್ಟ ಮಾತಿನಿಂದ ಆದವು."

ಉ) ಮಾಡಿ ನೋಡಿರಿ

ಪಾಠದಲ್ಲಿ ಹೇಳಿದ ಐದು ಮನೆಗಳ ಪ್ರಯೋಗವನ್ನು ಏಳು ಮನೆಗಳಿಟ್ಟು ಮಾಡಿರಿ. ಅಕ್ಷರಗಳನ್ನು ಹಿಂದಕ್ಕೆ ಸರಿಸುವ ಬದಲು ಮುಂದಕ್ಕೆ ಸರಿಸಬೇಕಾದರೆ ಯಾವ ತುದಿಯಿಂದ ಹೊರಡಬೇಕು ಎಂಬುದನ್ನು ಕಂಡುಹಿಡಿಯಿರಿ.